ಲ್ಯಾಟಿನೋ ಮತದಾರರಿಗೆ ದ್ರೋಹಿಗಳ ಪಟ್ಟ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಲ್ಯಾಟಿನೋ ಮತದಾರರ, ಅಂದರೆ ಮೆಕ್ಸಿಕೋ, ಕ್ಯೂಬಾದಂಥ ಲ್ಯಾಟಿನ್ ಅಮೆರಿಕ ಮೂಲದ ಮತದಾರರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಅಕ್ರಮ ವಲಸಿಗರನ್ನು ಹೊರಗೆ ಹಾಕುತ್ತೇನೆ ಎಂದು ಊರೂರು ಸುತ್ತಿ ಸಾರಿದ ಟ್ರಂಪ್ ಅವರಿಗೆ 2024ರಲ್ಲಿ ಲ್ಯಾಟಿನೋಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಮತ ಹಾಕಿದರು. ಇದು ತಮ್ಮ ರಕ್ತಕ್ಕೇ ಬಗೆದ ದ್ರೋಹ ಎಂಬುದು ಲೇಖಕರ ತೀರ್ಮಾನ. ಅಂಕಿ ಸರಿ ಇದೆ. ತೀರ್ಮಾನ ತಪ್ಪು. ಯಾಕೆ ತಪ್ಪು ಎಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಪತ್ರ ಉದ್ದವಾಯಿತೆಂದು ಕತ್ತರಿ ಆಡಿಸಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ನಾನು ಹಾವೇರಿಯಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮಗಳು, ಅಳಿಯ ಟೆಕ್ಸಸ್ ರಾಜ್ಯದಲ್ಲಿ ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಲ್ಲಿದ್ದಾರೆ. ಮೊಮ್ಮಗನನ್ನು ನೋಡಿಕೊಳ್ಳಲು 2025ರ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದೆ. ಆ ಊರಿಗೆ ವೆನೆಜುವೆಲಾದವರು ಎಷ್ಟು ಜನ ಬಂದು ನೆಲೆಸಿದ್ದಾರೆಂದರೆ, ಅದನ್ನು ‘ಕೇಟಿಜುವೆಲಾ’ ಅಂತಲೂ ಕರೆಯುತ್ತಾರೆ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಹೇಳುತ್ತಿದ್ದ ವಿಷಯ ಮಗಳ ಮನೆ ಮುಂದಿನ ರಸ್ತೆಯಲ್ಲೇ ಓಡಾಡುತ್ತಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಶಾಲೆಯ ಬಸ್ ಓಡಿಸಿ ನಿವೃತ್ತರಾದವರು. ಹೆಸರು ಸ್ಪ್ಯಾನಿಷ್, ಮನೆಯ ಅಡುಗೆ ಮೆಕ್ಸಿಕೋದ್ದು, ಮಾತು ಮಾತ್ರ ಅಪ್ಪಟ ಟೆಕ್ಸಸ್ ಇಂಗ್ಲಿಷು. ಮೂಲ ಊರು ಮೆಕ್ಸಿಕೋ ಗಡಿಯಲ್ಲಿರುವ ಸ್ಟಾರ್ ಕೌಂಟಿ. ಎದುರು ಮನೆಯಲ್ಲಿ ವೆನೆಜುವೆಲಾದ ಹೆಣ್ಣುಮಗಳು, ಎರಡು ಮಕ್ಕಳ ತಾಯಿ. ತನ್ನ ದೇಶದಲ್ಲಿ ಎಂಜಿನಿಯರ್ ಆಗಿದ್ದವಳು ಇಲ್ಲಿ ಮನೆಯಲ್ಲೇ ಅರೆಪಾ ಮಾಡಿ ಮಾರುತ್ತಾಳೆ. ಅರೆಪಾ ಎಂದರೆ ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ. ನಡುವೆ ಸೀಳಿ ಒಳಗೆ ಚೀಸು, ಕಪ್ಪು ಕಾಳಿನ ಪಲ್ಯ ತುಂಬುತ್ತಾರೆ. ನಾವು ಮಾಂಸ ತಿನ್ನುವುದಿಲ್ಲ ಎಂದು ಗೊತ್ತಾದ ಮೇಲೆ ನಮ್ಮದನ್ನು ಬೇರೆ ಹೆಂಚಿನ ಮೇಲೆ ಬೇಯಿಸಿ ಕೊಡುತ್ತಿದ್ದಳು.

ಅವಳ ಕೈಯಲ್ಲಿದ್ದದ್ದು ‘ತಾತ್ಕಾಲಿಕ ರಕ್ಷಣೆ’ಯ ಕಾಗದ. ನಿಮ್ಮ ದೇಶದ ಪರಿಸ್ಥಿತಿ ಸರಿಯಿಲ್ಲ, ಸದ್ಯಕ್ಕೆ ವಾಪಸು ಕಳಿಸುವುದಿಲ್ಲ, ದುಡಿದುಕೊಂಡು ಇರಿ ಎಂದು ಅಮೆರಿಕ ಕೊಡುವ ಅನುಮತಿ ಅದು. ವೆನೆಜುವೆಲಾದವರಿಗೆ ಇದನ್ನು 2021ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಕೊಟ್ಟರು. 2023ರದ್ದನ್ನು ರದ್ದು ಮಾಡಲು 2025ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ದಾರಿ ಬಿಟ್ಟುಕೊಟ್ಟಿತು. ಸುಮಾರು 3.5 ಲಕ್ಷ ಜನರ ಬದುಕು ಒಂದೇ ದಿನದಲ್ಲಿ ಅತಂತ್ರವಾಯಿತು.

ಆ ಸುದ್ದಿ ಬಂದ ಸಂಜೆ ಅವಳು ತನ್ನ ಮನೆಯ ಗ್ಯಾರೇಜಿನಲ್ಲಿ ನೆಲದ ಮೇಲೆ ಕೂತಿದ್ದಳು. ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಮುಂದೆ ಪ್ಲಾಸ್ಟಿಕ್ ಫೈಲು. ಅದರಲ್ಲಿ ಮಕ್ಕಳ ಲಸಿಕೆ ಚೀಟಿಯಿಂದ ಹಿಡಿದು ತೆರಿಗೆ ಕಟ್ಟಿದ ರಸೀದಿವರೆಗೆ ಎಲ್ಲ ಕಾಗದ. ಒಂದೊಂದಾಗಿ ತೆಗೆದು ನೋಡುವುದು, ಮತ್ತೆ ಅದೇ ಜಾಗಕ್ಕೆ ಇಡುವುದು. ಪಕ್ಕದ ಮನೆಯ ಹಿರಿಯರು ಬಂದು ಅವಳ ಫ್ರೀಜರ್ ರಿಪೇರಿ ಮಾಡುತ್ತಾ ಅಲ್ಲೇ ಇದ್ದರು. ಎರಡು ದಿನದಿಂದ ಅದು ಕೆಟ್ಟಿತ್ತಂತೆ. ಕತ್ತಲಾಗುವವರೆಗೆ ಕೂತು ಸರಿ ಮಾಡಿಯೇ ಎದ್ದರು. ಈ ಹಿರಿಯರು ಟ್ರಂಪ್‌ಗೆ ಮತ ಹಾಕಿದವರು. ಅದನ್ನು ಮುಚ್ಚಿಟ್ಟವರೂ ಅಲ್ಲ.

ಮಾರನೇ ದಿನ ಬೇಲಿಯ ಬಳಿ ಸಿಕ್ಕಾಗ ಕೇಳಿಯೇ ಬಿಟ್ಟೆ. ಇವಳೂ ನಿಮ್ಮವಳೇ ಅಲ್ವಾ? ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು. ಇವಳು ಒಳ್ಳೆಯ ನೆರೆಯವಳು, ಇವಳನ್ನು ಕಳಿಸುವುದು ಅನ್ಯಾಯ ಎಂದರು. ಆದರೆ ಅವಳ ದೇಶ ಎಲ್ಲಿ, ನಮ್ಮ ಊರು ಎಲ್ಲಿ ಎಂದೂ ಕೇಳಿದರು. ತಮ್ಮ ಮುತ್ತಜ್ಜ ಯಾವ ಗಡಿಯನ್ನೂ ದಾಟಲಿಲ್ಲ, ಗಡಿಯೇ ಬಂದು ಅವರನ್ನು ದಾಟಿತು ಎಂದರು. ಟೆಕ್ಸಸ್‌ನ ಹಳೆಯ ಮನೆತನದವರು ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಇವರ ತಮ್ಮನ ಮಗ ಗಡಿ ಕಾವಲು ಪಡೆಯಲ್ಲಿದ್ದಾನೆ. ಆ ಪಡೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಲ್ಯಾಟಿನೋಗಳೇ ಎಂಬುದು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು?

ಗಡಿ ದಾಟಿತು ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ಮೆಕ್ಸಿಕೋ ಜೊತೆ ಯುದ್ಧ ಮಾಡಿ ಗೆದ್ದ ಅಮೆರಿಕ 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ಆ ದೇಶದ ದೊಡ್ಡ ಭಾಗವನ್ನೇ ತನ್ನದು ಮಾಡಿಕೊಂಡಿತು. ಇವತ್ತಿನ ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ ಬಂದದ್ದು ಹಾಗೆಯೇ. ಟೆಕ್ಸಸ್ ಅದಕ್ಕೂ ಮೊದಲೇ ಸೇರಿತ್ತು. ರಿಯೋ ಗ್ರಾಂಡೆ ನದಿಯೇ ಅದರ ಗಡಿ ಎಂದು ಈ ಒಪ್ಪಂದ ಗಟ್ಟಿ ಮಾಡಿತು. ಅಲ್ಲಿದ್ದ ಜನ ಮಲಗಿದ್ದ ಜಾಗದಲ್ಲೇ ಬೇರೆ ದೇಶದವರಾದರು. ಅಂಥವರ ಮರಿಮಕ್ಕಳಿಗೆ, ನಿನ್ನೆ ಮೊನ್ನೆ ದಕ್ಷಿಣ ಅಮೆರಿಕದಿಂದ ಬಂದವರು ರಕ್ತಸಂಬಂಧಿಗಳು ಅನಿಸಬೇಕೆಂದು ನಾವು ಹಾವೇರಿಯಲ್ಲಿ ಕೂತು ಯಾವ ಆಧಾರದ ಮೇಲೆ ಹೇಳುವುದು? ಸ್ಟಾರ್ ಕೌಂಟಿಯಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಲ್ಯಾಟಿನೋಗಳು. 1892ರ ನಂತರ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಅಲ್ಲಿ ಗೆದ್ದಿದ್ದೇ 2024ರಲ್ಲಿ. ಗಡಿ ಅವರಿಗೆ ಟಿವಿ ಚರ್ಚೆಯ ವಿಷಯ ಅಲ್ಲ. ಹಿತ್ತಲಿನ ವಿಷಯ. ಜೊತೆಗೆ ದಿನಸಿ ಬೆಲೆ, ಪೆಟ್ರೋಲ್ ಬೆಲೆಯ ಸಿಟ್ಟೂ ಇತ್ತು. ಆ ಚುನಾವಣೆಯಲ್ಲಿ ಲ್ಯಾಟಿನೋ ಮತದಾರರ ಮನಸ್ಸಿನಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ಆರ್ಥಿಕತೆ, ವಲಸೆ ಅಲ್ಲ. ನಿಮ್ಮ ಲೇಖಕರು ಇದನ್ನು ಪ್ರಸ್ತಾಪಿಸಲೇ ಇಲ್ಲ.

2020ರ ಜನಗಣತಿ ಪ್ರಕಾರ ಅಮೆರಿಕದಲ್ಲಿ ಲ್ಯಾಟಿನೋಗಳು 6.2 ಕೋಟಿ. ದೇಶದ ಜನಸಂಖ್ಯೆಯ ಶೇ 19ರ ಹತ್ತಿರ. ಇದರಲ್ಲಿ ಐದರಲ್ಲಿ ಮೂರು ಪಾಲು ಮೆಕ್ಸಿಕೋ ಮೂಲದವರು. ಉಳಿದವರಲ್ಲಿ ಪೋರ್ಟೊರಿಕೊ, ಕ್ಯೂಬಾ, ಎಲ್ ಸಾಲ್ವಡಾರ್, ಡೊಮಿನಿಕನ್ ಗಣರಾಜ್ಯ, ಗ್ವಾಟೆಮಾಲಾ, ಕೊಲಂಬಿಯಾ ಹೀಗೆ ಹತ್ತಾರು ಮೂಲಗಳು. ಇವರೆಲ್ಲರನ್ನೂ ಒಂದೇ ಖಾನೆಗೆ ಹಾಕಿದ್ದು ಸರ್ಕಾರ. ಈ ಸಮುದಾಯದ ಲೆಕ್ಕ ಬೇರೆ ಇಡಬೇಕೆಂಬ ಕಾನೂನು ಬಂದದ್ದು 1976ರಲ್ಲಿ, ಜನಗಣತಿಯಲ್ಲಿ ಮನೆಮನೆಗೂ ಆ ಪ್ರಶ್ನೆ ಕೇಳಿದ್ದು 1980ರಲ್ಲಿ. ಖಾನೆ ಒಂದಾಯಿತು. ಆದರೆ ಯಾರು ಯಾವ ಬಾಗಿಲಿನಿಂದ ಒಳಗೆ ಬಂದರು ಎಂಬುದು ಬೇರೆ ಬೇರೆಯಾಗಿಯೇ ಉಳಿಯಿತು. ನನ್ನ ಪ್ರಕಾರ ವಲಸೆ ನೀತಿ ಬಗ್ಗೆ ಅವರ ನಿಲುವು ತಿಳಿಯಬೇಕಾದರೆ ಮೊದಲು ಆ ಬಾಗಿಲು ನೋಡಬೇಕು.

ಪೋರ್ಟೊರಿಕೊ ತಗೊಳ್ಳಿ. 1898ರಲ್ಲಿ ಸ್ಪೇನ್ ಕೈಯಿಂದ ಅಮೆರಿಕದ ಕೈಗೆ ಬಂದ ದ್ವೀಪ. 1917ರಿಂದ ಅಲ್ಲಿಯವರು ಅಮೆರಿಕದ ಪ್ರಜೆಗಳು. ವೀಸಾ ಬೇಡ, ಕಾಗದ ಬೇಡ, ವಿಮಾನ ಹತ್ತಿದರೆ ನ್ಯೂಯಾರ್ಕ್. ವಲಸೆ ಕಾನೂನು ಎಷ್ಟು ಬಿಗಿಯಾದರೂ ಅವರಿಗೆ ಕಾನೂನಿನ ಪ್ರಕಾರ ಏನೂ ಆಗುವುದಿಲ್ಲ.

ಕ್ಯೂಬಾದವರ ಕಥೆ ಇನ್ನೂ ಬೇರೆ. 1959ರ ಕ್ರಾಂತಿಯ ನಂತರ ಕ್ಯಾಸ್ಟ್ರೋ ಆಡಳಿತ ಬೇಡವೆಂದು ಓಡಿ ಬಂದವರಿಗೆ ಅಮೆರಿಕ ಕೆಂಪುಗಂಬಳಿ ಹಾಸಿತು. 1966ರಲ್ಲಿ ಅವರಿಗೆಂದೇ ಒಂದು ಕಾನೂನು ಮಾಡಿತು. ಬಂದು ಸ್ವಲ್ಪ ಕಾಲ ಕಳೆದರೆ ಸಾಕು, ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. 1980ರಲ್ಲಿ ಮರಿಯೆಲ್ ಬಂದರಿನಿಂದ ದೋಣಿಗಳಲ್ಲಿ 1.25 ಲಕ್ಷ ಜನ ಕೆಲವೇ ತಿಂಗಳಲ್ಲಿ ಫ್ಲೋರಿಡಾ ತಲುಪಿದರು. 1995ರ ನಂತರ ನಿಯಮ ಬದಲಾಯಿತು. ಸಮುದ್ರದಲ್ಲೇ ಸಿಕ್ಕರೆ ವಾಪಸು, ಕಾಲು ನೆಲಕ್ಕೆ ತಾಗಿದರೆ ಉಳಿಯಬಹುದು. 2017ರ ಜನವರಿಯಲ್ಲಿ ಒಬಾಮಾ ಅಧಿಕಾರ ಬಿಡುವ ಮೊದಲು ಇದನ್ನೂ ನಿಲ್ಲಿಸಿದರು. ಅಲ್ಲಿಯವರೆಗೆ ಮರುಭೂಮಿಯಲ್ಲಿ ನಡೆದು ಬಂದ ಮೆಕ್ಸಿಕೋದ ಕೂಲಿಯವನಿಗೆ ಬೇಡಿ, ದೋಣಿಯಲ್ಲಿ ಬಂದ ಕ್ಯೂಬಾದವನಿಗೆ ಬಾಗಿಲು. ಇಬ್ಬರೂ ಮಾತಾಡುವುದು ಸ್ಪ್ಯಾನಿಷ್. ಮಯಾಮಿಯ ಹಳೆಯ ಕ್ಯೂಬನ್ ಮನೆತನದವರು ತಮ್ಮನ್ನು ವಲಸಿಗರು ಎನ್ನುವುದಕ್ಕಿಂತ ದೇಶ ಕಳೆದುಕೊಂಡವರು ಎಂದು ಹೇಳಿಕೊಳ್ಳುವುದೇ ಜಾಸ್ತಿ. ಅವರ ಮತ ನಿರ್ಧಾರವಾಗುವುದು ಕ್ಯೂಬಾದ ರಾಜಧಾನಿ ಹವಾನಾ ಕಡೆಗಿನ ಸಿಟ್ಟಿನಿಂದ, ಮೆಕ್ಸಿಕೋ ಗಡಿಯಲ್ಲಿ ಏನಾಗುತ್ತಿದೆ ಎಂಬುದರಿಂದ ಅಲ್ಲ.

ಇನ್ನು ಮೆಕ್ಸಿಕೋ ಮೂಲದವರೊಳಗೇ ಒಂದೇ ಮಾತು ಇತ್ತೇ? ಅದೂ ಇಲ್ಲ. ಈ ಭಾಗವನ್ನು ನಾನು ವಿದ್ಯಾರ್ಥಿಗಳಿಗೆ ಬಹಳ ಪ್ರೀತಿಯಿಂದ ಹೇಳುತ್ತಿದ್ದೆ, ಇಲ್ಲೂ ಸ್ವಲ್ಪ ನಿಂತು ಹೇಳುತ್ತೇನೆ.

ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ 1929ರಲ್ಲಿ ‘ಲೂಲಾಕ್’ ಎಂಬ ಸಂಘಟನೆ ಹುಟ್ಟಿತು. ಮೆಕ್ಸಿಕನ್ ಮೂಲದವರ ಹಕ್ಕಿಗಾಗಿ ಹೋರಾಡಿದ ದೊಡ್ಡ ಸಂಸ್ಥೆ ಅದು. ಆದರೆ ಆಗ ಸದಸ್ಯರಾಗಲು ಅಮೆರಿಕದ ಪೌರತ್ವ ಕಡ್ಡಾಯವಾಗಿತ್ತು. ವ್ಯವಹಾರದ ಭಾಷೆ ಇಂಗ್ಲಿಷ್. ನಾವು ಇಲ್ಲಿಯ ಪ್ರಜೆಗಳು, ನಮ್ಮನ್ನು ಹೊರಗಿನವರ ಜೊತೆ ಸೇರಿಸಬೇಡಿ ಎಂಬುದು ಅವರ ವಾದ. ಆಮೇಲೆ ಆದದ್ದೇನು? 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಇಲ್ಲವೆಂದು ಲಕ್ಷಾಂತರ ಜನರನ್ನು ಮೆಕ್ಸಿಕೋಗೆ ಸಾಗಹಾಕಿದರು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳೂ ಬಹಳ ಜನ ಇದ್ದರು. ಮುಂದೆ 1980ರ ದಶಕದಲ್ಲಿ, ದಾಖಲೆ ಇಲ್ಲದವರಿಗೆ ಕೆಲಸ ಕೊಡುವ ಮಾಲೀಕರಿಗೆ ದಂಡ ಹಾಕುವ ಮಸೂದೆ ಬಂದಾಗ ಇದೇ ಲೂಲಾಕ್ ವಿರೋಧಿಸಿತು. ದಂಡದ ಭಯಕ್ಕೆ ಮಾಲೀಕರು ಕಂದು ಮುಖದವರನ್ನೆಲ್ಲ ದೂರ ಇಡುತ್ತಾರೆ, ಪ್ರಜೆಗಳೂ ಕೆಲಸ ಕಳೆದುಕೊಳ್ಳುತ್ತಾರೆ ಎಂಬುದು ಅದರ ಆತಂಕವಾಗಿತ್ತು. ಸಂಸ್ಥೆ ಅದೇ, ರಕ್ತ ಅದೇ. ಕಾಲ ಬದಲಾದಂತೆ ನಿಲುವು ಬದಲಾಯಿತು.

ಸೀಸರ್ ಚಾವೆಜ್ ಹೆಸರು ನಮ್ಮ ರೈತ ಸಂಘದ ಹಿರಿಯರಿಗೆ ಗೊತ್ತಿರಬಹುದು. 1927ರಲ್ಲಿ ಅರಿಜೋನಾದ ಯೂಮಾದಲ್ಲಿ ಹುಟ್ಟಿದವರು. ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟದ ಕೂಲಿಗಳನ್ನು ಸಂಘಟಿಸಿದ ನಾಯಕ. ಹೊಲದ ಕೆಲಸಕ್ಕೆಂದು 1942ರಿಂದ 1964ರವರೆಗೆ ಸರ್ಕಾರವೇ ಮೆಕ್ಸಿಕೋದಿಂದ ಗುತ್ತಿಗೆ ಕೂಲಿಗಳನ್ನು ತರಿಸುತ್ತಿತ್ತು. ‘ಬ್ರಸೆರೊ’ ಯೋಜನೆ ಎಂದು ಅದರ ಹೆಸರು. ಚಾವೆಜ್ ಅದರ ಕಡು ವಿರೋಧಿ. ಕೂಲಿ ಏರಿಸಿ ಎಂದು ಇಲ್ಲಿಯವರು ಮುಷ್ಕರಕ್ಕೆ ಕೂತರೆ, ಗಡಿಯಾಚೆಯಿಂದ ಬಂದವರನ್ನು ಅರ್ಧ ಕೂಲಿಗೆ ಇಳಿಸಿ ಮಾಲೀಕರು ಮುಷ್ಕರ ಮುರಿಯುತ್ತಿದ್ದರು. 1974ರಲ್ಲಿ ಅವರ ಸಂಘ ದಾಖಲೆ ಇಲ್ಲದ ಕೂಲಿಗಳ ವಿರುದ್ಧವೇ ಅಭಿಯಾನ ಮಾಡಿತು. ಅರಿಜೋನಾದ ಗಡಿಯಲ್ಲಿ ಸಂಘದವರೇ ಕಾವಲು ನಿಂತರು. ಅದೇ ಕಾಲದಲ್ಲಿ ಬರ್ಟ್ ಕರೋನಾ ಎಂಬ ಇನ್ನೊಬ್ಬ ಮೆಕ್ಸಿಕನ್ ಅಮೆರಿಕನ್ ನಾಯಕ ಇದಕ್ಕೆ ಪೂರ್ತಿ ಉಲ್ಟಾ ನಿಂತರು. ಕಾಗದ ಇರಲಿ ಬಿಡಲಿ ದುಡಿಯುವವರೆಲ್ಲ ಒಂದು, ಅವರನ್ನೂ ಸಂಘಕ್ಕೆ ಸೇರಿಸಿಕೊಳ್ಳಿ ಎಂದರು. ಚಾವೆಜ್ ಮುಂದೆ ನಿಲುವು ಬದಲಿಸಿಕೊಂಡರು. 1986ರಲ್ಲಿ ರೇಗನ್ ಸರ್ಕಾರ ತಂದ ಕಾನೂನಿನಿಂದ ಸುಮಾರು 27 ಲಕ್ಷ ಜನರಿಗೆ ಕಾಯಂ ನೆಲೆ ಸಿಗುವ ಹೊತ್ತಿಗೆ ಅವರು ಅದರ ಪರ ಇದ್ದರು. ನಿಮ್ಮ ಲೇಖಕರ ಅಳತೆಗೋಲು ಹಿಡಿದರೆ 1974ರ ಚಾವೆಜ್‌ಗೂ ದ್ರೋಹಿ ಅನ್ನಬೇಕಾಗುತ್ತದೆ. ಹೊಟ್ಟೆಪಾಡಿನ ಪ್ರಶ್ನೆಯನ್ನು ರಕ್ತದ ಪ್ರಶ್ನೆ ಮಾಡಿದರೆ ಹೀಗೇ ಆಗುವುದು.

ಈ ವಿಷಯ ನನಗೆ ಇಷ್ಟು ತಾಗಲು ನನ್ನ ಅಣ್ಣ ಕಾರಣ. ನಾವು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯವರು. ಮಳೆ ಕೈಕೊಟ್ಟ ವರ್ಷ ಅಣ್ಣ ಗೋವಾಕ್ಕೆ ಗುಳೆ ಹೋದ. ಗಾರೆ ಹೊತ್ತು ಆಮೇಲೆ ಗೌಂಡಿಯಾದ, ಈಗ ಸಣ್ಣಪುಟ್ಟ ಕೆಲಸ ಹಿಡಿಯುವ ಮೇಸ್ತ್ರಿ. ಅವನು ಕಳಿಸಿದ ರೊಕ್ಕದಲ್ಲೇ ನಾನು ಧಾರವಾಡದಲ್ಲಿ ಎಂ.ಎ. ಓದಿದ್ದು. ಅವನ ಮನೆ ಈಗ ಜುವಾರಿನಗರದಲ್ಲಿದೆ. ಮಕ್ಕಳು ಕೊಂಕಣಿ ಮಾತಾಡುತ್ತಾರೆ. ಗೋವಾದಲ್ಲಿ ಸರ್ಕಾರಿ ಕೆಲಸಕ್ಕೆ 15 ವರ್ಷದ ವಾಸದ ಪ್ರಮಾಣಪತ್ರ ಬೇಕು. ಅಣ್ಣ ಅದನ್ನು ಮಾಮಲತದಾರ ಕಚೇರಿಗೆ ಅಲೆದು ಮಾಡಿಸಿಕೊಂಡು ಲ್ಯಾಮಿನೇಟ್ ಮಾಡಿಸಿ ದೇವರ ಫೋಟೊ ಹಿಂದೆ ಇಟ್ಟಿದ್ದಾನೆ.

ಈಗ ಕೊಪ್ಪಳ, ಗದಗ, ನಮ್ಮ ಹಾವೇರಿ ಕಡೆಯಿಂದ ಹೊಸಬರು ಬಸ್ಸಿಳಿದರೆ ನಮ್ಮ ವೈನಿ ಏನಂತಾಳೆ ಗೊತ್ತೇ? “ನೋಡ ತಂಗೀ, ಮೊನ್ನೆ ಮೊನ್ನೆ ಬಂದವರು ರೊಕ್ಕ ಕಡಿಮಿ ತಗೊಂಡು ದುಡೀತಾರ. ನಮ್ಮ ಕೂಲೀನೂ ಕೆಡಸ್ತಾರ, ನಮ್ಮ ಹೆಸರೂ ಕೆಡಸ್ತಾರ.” ಅಣ್ಣನೂ ಹೂಂ ಅಂತಾನೆ. ಅವನು ಕನ್ನಡದವನಲ್ಲವೇ? ಮನೆಯಲ್ಲಿ ಇವತ್ತಿಗೂ ಜೋಳದ ರೊಟ್ಟಿ ಬಡಿಯುತ್ತಾರೆ, ಜಾತ್ರೆಗೆ ತಪ್ಪದೆ ಊರಿಗೆ ಬರುತ್ತಾರೆ. ಅವನು ಹೆದರುವುದು ಬೇರೆ ಕಾರಣಕ್ಕೆ. ಹೊಸಬ ಯಾರೋ ಏನೋ ಮಾಡಿದರೆ ಸ್ಥಳೀಯರು ‘ಘಾಟಿ’, ಅಂದರೆ ಘಟ್ಟದ ಆಚೆಯವರು, ಎಂದು ಬಯ್ಯುವುದು ಅಣ್ಣನನ್ನೂ ಸೇರಿಸಿ. ವರ್ಷಗಟ್ಟಲೆ ಬೆವರು ಸುರಿಸಿ ಗಳಿಸಿದ ಮರ್ಯಾದೆ ಇನ್ನೊಬ್ಬನ ಕೈಯಲ್ಲಿ ಇದ್ದಂತೆ ಅವನಿಗೆ ಅನಿಸುತ್ತದೆ.

ಆದರೆ 2015ರಲ್ಲಿ ವಾಸ್ಕೋದ ಬೈನಾ ದಂಡೆಯಲ್ಲಿ ಕನ್ನಡಿಗರ ಮನೆಗಳ ಮೇಲೆ ಜೆಸಿಬಿ ಹೋದಾಗ ಇದೇ ಅಣ್ಣ, ಇದೇ ವೈನಿ ಅಕ್ಕಿ, ಬೇಳೆ ಕಟ್ಟಿಕೊಂಡು ಹೋದರು. ಬೀದಿಗೆ ಬಿದ್ದ ಒಂದು ಸಂಸಾರವನ್ನು ಮನೆಯಲ್ಲೇ ಇಟ್ಟುಕೊಂಡರು. ಆಗ ಹಳಬ, ಹೊಸಬ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಮನುಷ್ಯ ಯಾವತ್ತು ತನ್ನ ಸುತ್ತಿನ ಗೆರೆಯನ್ನು ಚಿಕ್ಕದಾಗಿ ಎಳೆಯುತ್ತಾನೆ, ಯಾವತ್ತು ದೊಡ್ಡದಾಗಿ ಎಳೆಯುತ್ತಾನೆ ಎಂಬುದು ಅವನ ಕೈಯಲ್ಲಿ ಮಾತ್ರ ಇರುವುದಿಲ್ಲ. ಹೊರಗಿನವರು ಅವನನ್ನು ಹೇಗೆ ನಡೆಸಿಕೊಂಡರು ಎಂಬುದೂ ಅದರಲ್ಲಿ ಸೇರುತ್ತದೆ.

ಕ್ಯಾಲಿಫೋರ್ನಿಯಾದಲ್ಲೂ ಆಗಿದ್ದು ಇದೇ. 1994ರಲ್ಲಿ ಅಲ್ಲಿ 187ನೇ ಪ್ರಸ್ತಾವ ಎಂದು ಜನಮತಕ್ಕೆ ಹಾಕಿದರು. ದಾಖಲೆ ಇಲ್ಲದವರಿಗೆ ಸರ್ಕಾರಿ ಶಾಲೆ, ತುರ್ತು ಅಲ್ಲದ ವೈದ್ಯಕೀಯ ಸೇವೆ ಕೊಡಬಾರದು ಎಂಬುದು ಅದರ ಸಾರ. ಪ್ರಸ್ತಾವ ಗೆದ್ದಿತು, ಆಮೇಲೆ ಕೋರ್ಟ್ ತಡೆಯಿತು. ಮತಗಟ್ಟೆ ಸಮೀಕ್ಷೆ ಪ್ರಕಾರ ಲ್ಯಾಟಿನೋ ಮತದಾರರಲ್ಲಿ ಸುಮಾರು ಮುಕ್ಕಾಲು ಪಾಲು ವಿರೋಧ, ಕಾಲು ಪಾಲು ಪರ. ಪ್ರಚಾರದ ಭಾಷೆ ಎಷ್ಟು ಕಹಿಯಾಗಿತ್ತೆಂದರೆ, ಅದುವರೆಗೆ ಪೌರತ್ವದ ಗೊಡವೆಗೇ ಹೋಗದ ಕಾಯಂ ನಿವಾಸಿಗಳು ದೊಡ್ಡ ಸಂಖ್ಯೆಯಲ್ಲಿ ಅರ್ಜಿ ಹಾಕಿ ಪ್ರಜೆಗಳಾದರು, ಮತಪಟ್ಟಿ ಸೇರಿದರು. ರೇಗನ್ ಗೆದ್ದು ಬಂದ ಆ ರಾಜ್ಯದಲ್ಲಿ ರಿಪಬ್ಲಿಕನ್ನರು ಇವತ್ತಿಗೂ ಚೇತರಿಸಿಕೊಂಡಿಲ್ಲ.

2005ರ ಕೊನೆಯಲ್ಲಿ ದಾಖಲೆ ಇಲ್ಲದೆ ಇರುವುದನ್ನೇ ಗಂಭೀರ ಅಪರಾಧ ಮಾಡುವ ಮಸೂದೆ ಬಂತು. 2006ರಲ್ಲಿ ಲಾಸ್ ಏಂಜಲೀಸ್, ಶಿಕಾಗೊ, ಡಲ್ಲಾಸ್‌ನಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದರು. ಮೊದಲ ಮೆರವಣಿಗೆಗಳಲ್ಲಿ ಮೆಕ್ಸಿಕೋ ಬಾವುಟ ಬಹಳ ಕಂಡವು, ಟೀಕೆ ಬಂತು. ಆಮೇಲಿನ ಮೆರವಣಿಗೆಗಳಿಗೆ ಅಮೆರಿಕದ ಬಾವುಟ ತನ್ನಿ ಎಂದು ಸಂಘಟಕರೇ ಹೇಳಿದರು. ತಂದರು ಕೂಡ. ಇದನ್ನು ನಾಟಕ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಅದೇ ವರ್ಷ ನಡೆದ ಲ್ಯಾಟಿನೋ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಾವಿರಾರು ಜನರನ್ನು ಮಾತಾಡಿಸಿದ್ದರು. ಮೂಲ ದೇಶದ ಹೆಸರಿನಿಂದಲೂ, ಲ್ಯಾಟಿನೋ ಎಂದೂ, ಅಮೆರಿಕನ್ ಎಂದೂ ಗಟ್ಟಿಯಾಗಿ ಗುರುತಿಸಿಕೊಂಡವರು ಅದರಲ್ಲಿ ಬಹಳ ಜನ. ಒಂದು ಗುರುತು ಗಟ್ಟಿಯಾದರೆ ಇನ್ನೊಂದು ಸಡಿಲವಾಗಲೇಬೇಕು ಎಂದೇನಿಲ್ಲ.

ಹಾಗಂತ ಗುರುತಿಗೂ ನಿಲುವಿಗೂ ಸಂಬಂಧವೇ ಇಲ್ಲ ಎನ್ನುತ್ತಿಲ್ಲ. ಇದೆ. ನನ್ನ ಸಮುದಾಯಕ್ಕೆ ಏನಾದರೂ ಆದರೆ ಅದು ನನಗೂ ಆದಂತೆ ಎಂದು ನಂಬುವವರು ವಲಸಿಗರ ಪರ ನಿಲ್ಲುವುದು ಜಾಸ್ತಿ. ನಾನು ಮೊದಲು ಅಮೆರಿಕನ್, ಉಳಿದದ್ದು ಆಮೇಲೆ ಎನ್ನುವವರಲ್ಲಿ ಬಿಗಿ ಕಾನೂನು ಕೇಳುವವರು ಜಾಸ್ತಿ. ತಾವೇ ವಲಸೆ ಬಂದವರಿಗಿಂತ ಅವರ ಮೊಮ್ಮಕ್ಕಳ ಮನಸ್ಸು ದೇಶದ ಉಳಿದವರ ಮನಸ್ಸಿಗೆ ಹತ್ತಿರ. ಸಂಶೋಧಕರು ಮತ್ತೆ ಮತ್ತೆ ಕಂಡಿದ್ದು ಇದು. ತಲೆಮಾರು ದಾಟಿದಂತೆ ಗುರುತು ಹೇಗೆ ಕರಗುತ್ತದೆ ಎಂಬುದಕ್ಕೆ ಪ್ಯೂ ಸಂಶೋಧನಾ ಕೇಂದ್ರ 2017ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಲ್ಯಾಟಿನೋ ಮೂಲದ ಪೂರ್ವಜರಿರುವವರಲ್ಲಿ, ತಾವೇ ವಲಸೆ ಬಂದವರ ಪೈಕಿ ಶೇ 97 ಜನ ತಮ್ಮನ್ನು ಹಾಗೆ ಗುರುತಿಸಿಕೊಳ್ಳುತ್ತಾರೆ. ಮಕ್ಕಳಲ್ಲಿ ಶೇ 92. ಮೊಮ್ಮಕ್ಕಳಲ್ಲಿ ಶೇ 77. ಅದರಾಚೆ ಅರ್ಧಕ್ಕರ್ಧ. ಅಂದರೆ ಸಮೀಕ್ಷೆಯವರ ಎದುರು ನಾನು ಲ್ಯಾಟಿನೋ ಎಂದು ಹೇಳದೇ ಹೋದವರು ಎಷ್ಟೋ ಜನ. ಅವರ ಅಭಿಪ್ರಾಯ ಈ ಲೆಕ್ಕಕ್ಕೇ ಸಿಗುವುದಿಲ್ಲ.

ಒಬ್ಬರೊಳಗೇ ಎರಡು ಮಾತಿರುವುದೂ ಉಂಟು. ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಕೈಹಿಡಿದು ಬಂದ ಮಕ್ಕಳಿಗೆ 2012ರಲ್ಲಿ ಒಬಾಮಾ ಒಂದು ರಕ್ಷಣೆ ಕೊಟ್ಟರಲ್ಲ, ಅಂಥವರಿಗೆ ಕಾಯಂ ನೆಲೆ ಕೊಡಿ ಎನ್ನುವುದಕ್ಕೆ ಲ್ಯಾಟಿನೋಗಳಲ್ಲಿ ದೊಡ್ಡ ಬಹುಮತವಿದೆ. ಅವರಲ್ಲೇ ಬಹಳ ಜನ ಗಡಿ ಭದ್ರ ಆಗಲಿ ಎಂದೂ ಹೇಳುತ್ತಾರೆ. ಪಕ್ಕದ ಮನೆಯ ಹಿರಿಯರು ಹೇಳಿದ್ದು ಅದನ್ನೇ. ಇದರಲ್ಲಿ ವಿರೋಧಾಭಾಸ ಎಲ್ಲಿದೆ?

ಎದುರು ಮನೆಯ ಹೆಣ್ಣುಮಗಳ ಮಾತನ್ನೂ ಹೇಳಬೇಕು. ಮೊದಲು ಅವಳು ಮೆಕ್ಸಿಕೋದವರಿಂದ ಸ್ವಲ್ಪ ದೂರವೇ. ನಾವು ಸರ್ವಾಧಿಕಾರದಿಂದ ತಪ್ಪಿಸಿಕೊಂಡು ಬಂದವರು, ನಮ್ಮದು ಬೇರೆ ವಿಷಯ ಎನ್ನುತ್ತಿದ್ದಳು. ಅವಳ ಬಳಗದಲ್ಲಿ ಮತ ಇದ್ದವರು ಟ್ರಂಪ್‌ಗೇ ಹಾಕಿದ್ದರಂತೆ. ಆಗ ವೆನೆಜುವೆಲಾವನ್ನು ಆಳುತ್ತಿದ್ದ ಮಡೂರೊ ವಿರುದ್ಧ ಗಟ್ಟಿಯಾಗಿ ಮಾತಾಡುವ ನಾಯಕ ಎಂಬ ಭರವಸೆ. ಮೇ ತಿಂಗಳ ನಂತರ ಅವಳು ನಾವು, ನಮ್ಮನ್ನು ಎಂದು ಮಾತಾಡುವಾಗ ಅದರೊಳಗೆ ಹೊಂಡುರಾಸ್‌ನವರೂ ಬಂದರು, ಮೆಕ್ಸಿಕೋದವರೂ ಬಂದರು. ಈಗ ಎಲ್ಲರನ್ನೂ ಒಂದೇ ಥರ ನೋಡುತ್ತಾರಲ್ಲ ಎಂದಳು.

ನಾನು ಹಾವೇರಿಗೆ ವಾಪಸು ಬಂದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಆದೇಶ ಕೊಟ್ಟಿತು. ಲಾಸ್ ಏಂಜಲೀಸ್ ಭಾಗದಲ್ಲಿ ಜನಾಂಗ, ಸ್ಪ್ಯಾನಿಷ್ ಮಾತು, ನಿಂತ ಜಾಗ, ಮಾಡುವ ಕೆಲಸ, ಇಷ್ಟನ್ನೇ ನೋಡಿ ಯಾರನ್ನೂ ತಡೆದು ನಿಲ್ಲಿಸಬಾರದು ಎಂದು ಕೆಳ ನ್ಯಾಯಾಲಯ ಹಾಕಿದ್ದ ನಿರ್ಬಂಧವನ್ನು ತಡೆಹಿಡಿಯಿತು. ಪಕ್ಕದ ಮನೆಯ ಹಿರಿಯರು ಈಗ ಪಾಸ್‌ಪೋರ್ಟ್ ಕಾರಿನಲ್ಲೇ ಇಟ್ಟುಕೊಂಡು ಓಡಾಡುತ್ತಾರೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ಅವರ ಮುತ್ತಜ್ಜ ಹುಟ್ಟಿದ ನೆಲ ಅದು. ಕೇಳಿ ನನ್ನ ಕರುಳು ಚುರ್ ಅಂದಿತು.

ಇದನ್ನೆಲ್ಲ ನಾನು ಟ್ರಂಪ್ ನೀತಿ ಸರಿ ಎಂದು ಬರೆಯುತ್ತಿಲ್ಲ. ದುಡಿದು ತೆರಿಗೆ ಕಟ್ಟುತ್ತಿದ್ದ ತಾಯಿಯ ಕಾಗದ ಕಿತ್ತುಕೊಳ್ಳುವುದು ಕ್ರೂರ ಕೆಲಸ. ನನ್ನ ತಕರಾರು ನಿಮ್ಮ ಲೇಖಕರ ಲೆಕ್ಕದ ಮೇಲೆ. ಮುಖ ನೋಡಿ ನೀನು ಹೊರಗಿನವನಿರಬೇಕು ಎಂದು ಗಾಡಿ ನಿಲ್ಲಿಸುವ ಅಧಿಕಾರಿಯೂ, ಮುಖ ನೋಡಿ ನೀನು ಇಂಥವರಿಗೇ ಮತ ಹಾಕಬೇಕಿತ್ತು ಎನ್ನುವ ಲೇಖಕರೂ ಹಿಡಿದಿರುವುದು ಒಂದೇ ತಕ್ಕಡಿ. ಆ ಹಿರಿಯರನ್ನು ಇಬ್ಬರೂ ಮನುಷ್ಯ ಎಂದು ಎಣಿಸಲಿಲ್ಲ. ಒಂದು ಬಣ್ಣ ಎಂದು ಎಣಿಸಿದರು.

ಸಂಪಾದಕರಲ್ಲಿ ಎರಡು ಕೋರಿಕೆ. 2026ರ ನವೆಂಬರ್‌ನಲ್ಲಿ ಅಲ್ಲಿ ಮಧ್ಯಂತರ ಚುನಾವಣೆ ಇದೆ. ಆಗ ಲ್ಯಾಟಿನೋಗಳು ಹೀಗೆ ಮತ ಹಾಕಿದರು, ಹಾಗೆ ಮತ ಹಾಕಿದರು ಎಂಬ ಏಜೆನ್ಸಿ ಸುದ್ದಿ ನಿಮ್ಮ ಡೆಸ್ಕಿಗೆ ಬಂದೇ ಬರುತ್ತದೆ. ಯಾವ ಮೂಲದವರು, ಯಾವ ರಾಜ್ಯದವರು, ವಲಸೆ ಬಂದವರೋ ಅಲ್ಲೇ ಹುಟ್ಟಿದವರೋ ಎಂಬ ವಿವರ ಇದ್ದರೆ ದಯವಿಟ್ಟು ಅದನ್ನು ಕತ್ತರಿಸಬೇಡಿ. ನಮ್ಮ ಓದುಗರಿಗೆ ಅಷ್ಟು ವಿವರ ಬೇಡ ಎಂದುಕೊಳ್ಳಬೇಡಿ. ಹಾವೇರಿ ಬಸ್ ನಿಲ್ದಾಣದಲ್ಲಿ ರಾತ್ರಿ ಗೋವಾ ಬಸ್ಸಿಗೆ ಕಾಯುತ್ತಾ ಗಂಟುಮೂಟೆ ಮೇಲೆ ಕೂತಿರುವವರಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ.

ಎರಡನೆಯದು, ನಿಮ್ಮ ಜಿಲ್ಲಾ ವರದಿಗಾರರನ್ನು ಒಮ್ಮೆ ಜುವಾರಿನಗರಕ್ಕೆ ಕಳಿಸಿ. ಗೋವಾ ಕನ್ನಡಿಗರು ಎಂದರೆ ಮನೆ ಕೆಡವಿದ ದಿನ ಮಾತ್ರ ನಮ್ಮ ಪತ್ರಿಕೆಗಳಿಗೆ ನೆನಪಾಗುತ್ತಾರೆ. ಹಳಬರು ಹೊಸಬರ ಬಗ್ಗೆ ಏನಂತಾರೆ, ಹೊಸಬರು ಹಳಬರ ಬಗ್ಗೆ ಏನಂತಾರೆ ಎಂದು ಕೂತು ಕೇಳಿ ಬರೆಯಲಿ. ಅಣ್ಣನ ಮನೆಯ ವಿಳಾಸ ನಾನು ಕೊಡುತ್ತೇನೆ. ಅವನು ಮಾತಾಡಲು ತಯಾರಿದ್ದಾನೆ, ವೈನಿ ಅವನಿಗಿಂತ ಜಾಸ್ತಿ ತಯಾರಿದ್ದಾಳೆ.

ಇತಿ,
ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕಿ, ಹಾವೇರಿ